ಪುಟ ತಿರುಗಿಸುವಷ್ಟು ಹೊತ್ತು

"ಯಾರ್ರೀ ಇದನ್ನ ಕತ್ತರಿಸಿದ್ದು?"

ಬಾಗಿಲು ತೆರೆದ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ದೊಪ್ಪನೆ ಕೆಳಗೆ ಬಿತ್ತು. ಕ್ಯಾಲೆಂಡರೊಂದೇ ಏನು, ಇಡೀ ಬುಚಾನ್ ಊರೇ ಒಂದು ಗೇಣು ಪಕ್ಕಕ್ಕೆ ಸರಿಯಿತು ಎಂದರೂ ನೀವು ನಂಬಲೇಬೇಕು!

ಗ್ಯೂರಿ ಕಂಪ್ಯೂಟರಿನಿಂದ ತಲೆಯೆತ್ತಿದಳು.

ಬಾಗಿಲಲ್ಲಿ ನಿಂತಿದ್ದ ಮನುಷ್ಯ ಏಳು ಜನ್ಮದಿಂದ ನಿದ್ದೆಯನ್ನೇ ಕಾಣದವನಂತಿದ್ದ. ಕಣ್ಣಿನ ಕೆಳಗಿನ ಕಪ್ಪು ಕೆನ್ನೆಗಿಳಿದು ಗಡ್ಡದ ಜೊತೆ ಸೇರಿಕೊಂಡಿತ್ತು. ನಿದ್ದೆಗೇಡು ಎಲ್ಲಿ ಮುಗಿದು ಗಡ್ಡ ಎಲ್ಲಿ ಶುರುವಾಗಿದೆಯೋ ಹೇಳುವಂತಿರಲಿಲ್ಲ. ಬಲಗೈಯ ಮಣಿಕಟ್ಟಿಗೆ ಬಿಗಿಯಾದ ಪಟ್ಟಿ. ಎಡಗೈಯಲ್ಲಿ, ಫೋನಿನ ಚಿತ್ರಕಥೆಯೊಂದನ್ನು ಪುಸ್ತಕ ಮಾಡಲು ಅವಳೇ ಪುಟ ಕಟ್ಟಿ ಕಳಿಸಿದ್ದ ಪ್ರೂಫ್.

ತಾಕ್ ಇನ್‌ಹೋ!

'ಈ ಕಥೆ ಬರೆದವರೇ... ಅಯ್ಯೋ ದೇವರೇ, ಅವರೇ!'

ಅವಳ ಎದೆ ಬಡಿದುಕೊಂಡ ಸದ್ದಿಗೆ ಕೆಳಗಿನ ಅಂಗಡಿಯಲ್ಲಿ ಕೋಳಿ ಕರಿಯುತ್ತಿದ್ದವರು ಮೇಲೆ ಯಾರೋ ಗೋಡೆ ಒಡೆಯುತ್ತಿದ್ದಾರೆಂದು ಛಾವಣಿ ನೋಡಿರಬೇಕು. ಆದರೆ ಮುಖ ಮಾತ್ರ ಕಲ್ಲು. ಆಯಾಸಗೊಂಡವರಿಗೆ ಇದೊಂದು ಅನುಕೂಲ. ಒಳಗೆ ಏನೇ ಆದರೂ ಮುಖಕ್ಕೆ ಅದನ್ನು ತೋರಿಸುವ ಶಕ್ತಿ ಉಳಿದಿರುವುದಿಲ್ಲ.

"ನಾನು," ಎಂದಳು.

"ನೀವಾ?" ಅವನು ಪ್ರೂಫನ್ನು ಅವಳ ಮೇಜಿನ ಮೇಲೆ ಹಾಕಿ ಬೆರಳಿಟ್ಟ. "ದನ್‌ಬಿ ಇಲ್ಲಿ ಕೇಳ್ತಾಳೆ. ಆಮೇಲೆ ಖಾಲಿ ಬಿಳಿ ಜಾಗ. ಬರೀ ಬಿಳಿ! ಓದೋರ ಹೆಬ್ಬೆರಳು ಸೋತು ಹೋಗೋವರೆಗೂ ಬಿಳಿ! ಅದಾದ ಮೇಲೆ ಮನ್‌ಸೊಕ್ ಉತ್ತರ. ಆ ಬಿಳಿ ಎಲ್ಲಿ? ತಿಂದ್ರಾ?"

"ಪುಸ್ತಕದಲ್ಲಿ ಅಷ್ಟು ಜಾಗ ಸಿಗಲ್ಲ ಜಕ್ಕನಿಮ್," ಎಂದಳು ಗ್ಯೂರಿ. ಕಥೆಗಾರರನ್ನು ಅಲ್ಲಿ ಗೌರವದಿಂದ ಕರೆಯುವುದು ಹಾಗೆ.

ಒಳಕೋಣೆಯಿಂದ ಪ್ರಕಾಶಕಿ ಬಾಂಗ್ ಚಪ್ಪಲಿ ಎಳೆಯುತ್ತ ಓಡಿಬಂದಳು. ಐವತ್ತೈದು ದಾಟಿದ ಈ ಹೆಂಗಸನ್ನು ಎಲ್ಲರೂ ಒನ್ನಿ, ಅಂದರೆ ಅಕ್ಕ, ಎಂದೇ ಕರೆಯಬೇಕು. ಅಪ್ಪಿತಪ್ಪಿ ಚಿಕ್ಕಮ್ಮ ಎಂದವರಿಗೆ ಆ ತಿಂಗಳು ಕಾಫಿ ಬಂದ್.

"ಅಯ್ಯಯ್ಯೋ, ನಮ್ಮ ಜಕ್ಕನಿಮ್! ಕಥೆ ಬರೆಯೋ ಕೈ ಬಾಗಿಲಲ್ಲಿ ನಿಂತಿದೆಯಲ್ಲೇ, ಕುರ್ಚಿ ಕೊಡೇ ಗ್ಯೂರಿ!"

"ಕುರ್ಚಿ ಬೇಡ. ನನ್ನ ಬಿಳಿ ಬೇಕು," ಎಂದ ಇನ್‌ಹೋ. ಆಮೇಲೆ ಗ್ಯೂರಿಯ ಕಡೆ ತಿರುಗಿ, ಸ್ವಲ್ಪ ದನಿ ತಗ್ಗಿಸಿ, "ನೀವು ಇದನ್ನ ಓದಿದ್ದೀರಾ? ನಿಜವಾಗಿ... ಓದಿದ್ದೀರಾ?"

ಗ್ಯೂರಿ ಬಾಯಿ ತೆರೆದಳು. ಅವನ ಬೆನ್ನ ಹಿಂದೆ ಬಾಂಗ್ ಒನ್ನಿ ಎರಡೂ ಕೈ ಎತ್ತಿ ಬೇಡ ಬೇಡ ಎಂದು ಆಡಿಸುತ್ತಿದ್ದಳು. ಆ ಆಫೀಸಿನಲ್ಲಿ ಆಕೆಯದು ಒಂದೇ ಕಾನೂನು: 'ಕಥೆಗಾರರ ಮುಂದೆ ಅಭಿಮಾನಿ ಅಂತ ತೋರಿಸ್ಕೋಬೇಡ. ತೋರಿಸ್ಕೊಂಡೆಯೋ, ಅವರು ಹೇಳಿದ್ದಕ್ಕೆಲ್ಲ ತಲೆ ಆಡಿಸ್ತೀಯ, ಪುಸ್ತಕ ಇಟ್ಟಿಗೆ ಗಾತ್ರ ಆಗುತ್ತೆ, ನಾವು ಬೀದಿಗೆ ಬರ್ತೀವಿ.'

"ಕೆಲಸಕ್ಕೆ ಬೇಕಾದಷ್ಟು ಓದಿದ್ದೀನಿ," ಎಂದಳು ಗ್ಯೂರಿ.

ಅವನ ಸಿಟ್ಟು ಅಲ್ಲೇ ಆರಿಹೋಯಿತು. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿರುತ್ತಿತ್ತು. ಸಿಟ್ಟು ಹೋದ ಜಾಗದಲ್ಲಿ ಬರೀ ದಣಿವು ಉಳಿದುಬಿಟ್ಟಿತು.

"ಗೊತ್ತಾಯ್ತು," ಎಂದ. "ನಾನು ಒಪ್ಪಿಗೆ ಕೊಡಲ್ಲ ಒನ್ನಿ. ಅಚ್ಚು ಬೇಡ. ಬಿಟ್ಬಿಡೋಣ."

ಬಾಗಿಲು ಈ ಸಲ ಮೆತ್ತಗೆ ಮುಚ್ಚಿತು. ಅದರಿಂದಲೇ ಹೆಚ್ಚು ನೋವಾಯಿತು.

ಅವನು ಹೋದ ಮೇಲೆ ಬಾಂಗ್ ಒನ್ನಿ ಕುರ್ಚಿಯಲ್ಲಿ ಕುಸಿದು, ಸತ್ತವರ ಮನೆಯಲ್ಲೂ ಯಾರೂ ಅಳದಷ್ಟು ಅತ್ತಳು. ಒಂದು ಹನಿ ಕಣ್ಣೀರೂ ಬರಲಿಲ್ಲ, ಅದು ಬೇರೆ ಮಾತು.

"ಪಾಜುವಿನ ಪ್ರೆಸ್‌ನವರು ಗುರುವಾರ ಯಂತ್ರ ಖಾಲಿ ಇಟ್ಟಿದ್ದಾರೆ ಕಣೇ! ಆ ದಿನ ತಪ್ಪಿದ್ರೆ ಮತ್ತೆ ಯಾವಾಗ? ಅಷ್ಟರಲ್ಲಿ ಆ್ಯಪ್ ಮುಚ್ಚುತ್ತೆ. ಆ್ಯಪ್ ಮುಚ್ಚಿದ್ರೆ ಕಥೆ ಹೋಯ್ತು. ಹೋದ ಕಥೆಗೆ ಪುಸ್ತಕ ಯಾರು ತಗೋತಾರೆ?"

ಗ್ಯೂರಿಗೆ ಅದು ಗೊತ್ತಿತ್ತು. ಬೇರೆ ಯಾರಿಗಿಂತಲೂ ಹೆಚ್ಚು ಗೊತ್ತಿತ್ತು.

'ನಾಳೆ ದೋಣಿ ಇಲ್ಲ' ಎಂಬ ಆ ವೆಬ್‌ಟೂನ್, ಅಂದರೆ ಬೆರಳಿಂದ ತಳ್ಳುತ್ತ ಓದುವ ಫೋನಿನ ಚಿತ್ರಕಥೆ, ಬರುತ್ತಿದ್ದುದು ಒಂದು ಚಿಕ್ಕ ಆ್ಯಪ್‌ನಲ್ಲಿ. ತಿಂಗಳ ಕೊನೆಗೆ ಅದು ಅಂಗಡಿ ಮುಚ್ಚುತ್ತಿತ್ತು. ಮುಚ್ಚಿದ ಮೇಲೆ ಫೋನಿನಲ್ಲಿ ಎಷ್ಟು ತಡಕಿದರೂ ಕಥಾನಾಯಕಿ ದನ್‌ಬಿ ಸಿಗುವುದಿಲ್ಲ, ಅವಳ ದ್ವೀಪ ಸಿಗುವುದಿಲ್ಲ, ಉಪ್ಪಿನ ಆಗರದಲ್ಲಿ ಬೆವರು ಸುರಿಸುವ ಮನ್‌ಸೊಕ್ ಸಿಗುವುದಿಲ್ಲ. ಉಳಿಯುವುದಿದ್ದರೆ ಈ ಪುಸ್ತಕದಲ್ಲಿ ಮಾತ್ರ. ಅದರಲ್ಲೂ ಉಪ್ಪಿನ ಆಗರದ ಭಾಗವೊಂದೇ, ಅಷ್ಟೇ ಬಾಂಗ್ ಒನ್ನಿಯ ಶಕ್ತಿ.

ಆ ಭಾಗ ಗ್ಯೂರಿಗೆ ಏನಾಗಿತ್ತು?

ಆಗ ಅವಳು ಫ್ರಿಜ್, ವಾಷಿಂಗ್ ಮಷಿನ್‌ಗಳ ದೂರು ಕೇಳುವ ಕಾಲ್ ಸೆಂಟರಿನಲ್ಲಿದ್ದಳು. ಜಗತ್ತಿನಲ್ಲಿ ಕೆಟ್ಟ ಫ್ರಿಜ್‌ಗಳೆಲ್ಲ ಅವಳ ಕಿವಿಯಲ್ಲೇ ಕೆಡುತ್ತಿದ್ದವು. ಬೆಳಗಿನಿಂದ ಸಂಜೆವರೆಗೆ "ಕ್ಷಮಿಸಿ ಗ್ರಾಹಕರೇ" ಎಂದು ಹೇಳಿ ಹೇಳಿ, ಮನೆಗೆ ಹೋಗುವ ರೈಲಿನಲ್ಲಿ ಯಾರಾದರೂ ಕಾಲು ತುಳಿದರೂ ಅವಳೇ ಕ್ಷಮಿಸಿ ಎನ್ನುತ್ತಿದ್ದಳು. ಮನೆಗೆ ಬಂದರೆ ಅಮ್ಮನ ಫೋನಿಗೆ ಉತ್ತರಿಸಲೂ ಗಂಟಲಲ್ಲಿ ದನಿ ಇರುತ್ತಿರಲಿಲ್ಲ.

ಪ್ರತಿ ಮಂಗಳವಾರ ಮಾತ್ರ... ಒಂದು ಕೈ ರೈಲಿನ ಹಿಡಿಕೆಯಲ್ಲಿ, ಇನ್ನೊಂದು ಕೈಯ ಹೆಬ್ಬೆರಳು ಫೋನಿನ ಮೇಲೆ. ದನ್‌ಬಿ ಅವಳ ಪರವಾಗಿ ಮಾತಾಡುತ್ತಿದ್ದಳು. ಅವಳ ಪರವಾಗಿ ಬೈಯುತ್ತಿದ್ದಳು, ಅಳುತ್ತಿದ್ದಳು. ಉಪ್ಪಿನ ಆಗರದ ಭಾಗ ಮುಗಿದ ವಾರವೇ ಗ್ಯೂರಿ ಕೆಲಸ ಬಿಟ್ಟು, ಪುಟ ವಿನ್ಯಾಸ ಕಲಿಯಲು ಸೇರಿದಳು.

ಅಂಥವಳು ಇವತ್ತು ಅವರ ಮುಖಕ್ಕೆ ಹೇಳಿದ್ದೇನು? ಕೆಲಸಕ್ಕೆ ಬೇಕಾದಷ್ಟು!

'ನನ್ನ ನಾಲಿಗೆಗೆ ಬೆಂಕಿ ಬೀಳ...'

ಮಾರನೆಯ ಮಧ್ಯಾಹ್ನ ಅವಳು ಪ್ರೂಫ್ ಹಿಡಿದು ಅವನ ಮನೆಯ ಬಾಗಿಲಿಗೆ ಹೋದಳು. ಬಾಂಗ್ ಒನ್ನಿಗೆ ಹೇಳಲಿಲ್ಲ. ಹಲ್ಲುನೋವು ಎಂದಳು.

ಇನ್‌ಹೋನ ಕೋಣೆ ಮೂರನೆಯ ಮಹಡಿಯಲ್ಲಿತ್ತು. ಆ ಮೆಟ್ಟಿಲುಗಳೋ, ಹತ್ತಿದವರಿಗೆ ಚೀನಾದ ಗಡಿ ಕಾಣಿಸಬೇಕು, ಅಷ್ಟು ಕಡಿದು! ಬಾಗಿಲು ತೆರೆದವನ ಮಣಿಕಟ್ಟಿನ ಮೇಲೆ ಮಾಂದು ಕಡುಬಿನ ಹೆಪ್ಪುಗಟ್ಟಿದ ಪೊಟ್ಟಣವೊಂದು ಟವೆಲ್ಲಿನಲ್ಲಿ ಕಟ್ಟಿಕೊಂಡು ಕುಳಿತಿತ್ತು.

"ನೀವಾ..." ಎಂದ. "ಒನ್ನಿ ಕಳಿಸಿದ್ರಾ?"

"ಇಲ್ಲ. ಅವರ ಪ್ರಕಾರ ನಾನು ಈಗ ಹಲ್ಲು ಕೀಳಿಸ್ಕೊಳ್ತಾ ಇದ್ದೀನಿ."

ಅವನು ನಗಲಿಲ್ಲ. ಆದರೆ ಬಾಗಿಲಿನಿಂದ ಪಕ್ಕಕ್ಕೆ ಸರಿದ.

ಒಳಗೆ ಎಲ್ಲಿ ನೋಡಿದರೂ ರಟ್ಟಿನ ಪೆಟ್ಟಿಗೆಗಳು. ಕೂರಲು ಜಾಗವಿಲ್ಲದೆ ಇಬ್ಬರೂ ನೆಲದ ಮೇಲೆ ಕೂತರು. ಅವನು ಬಾರ್ಲಿ ಚಹಾದ ಲೋಟ ಮುಂದಿಟ್ಟ, ಎಡಗೈಯಿಂದ.

"ಹೇಳಿ. ಬೇಗ ಹೇಳಿ. ಈ ಕಡುಬು ಕರಗಿದ್ರೆ ನನ್ನ ಡಾಕ್ಟರು ಹೋದ ಹಾಗೆ."

ಗ್ಯೂರಿ ಪ್ರೂಫ್ ತೆರೆದಳು. ದೋಣಿ ಕಟ್ಟೆಯ ದೃಶ್ಯ. ದನ್‌ಬಿ ಕೇಳುತ್ತಾಳೆ: 'ನಿಮಗೆ ಒಂದು ಸಲವಾದರೂ ನನ್ನ ನೆನಪಾಗಿತ್ತಾ?' ಒಂದು ಬೆರಳಗಲ ಬಿಳಿ. ಮನ್‌ಸೊಕ್‌ನ ಎರಡು ಪಾದ. ಅದರ ಕೆಳಗೇ ಅವನ ಮಾತು: 'ಊಟ ಆಯ್ತಾ?'

"ನಿಮಗೆ ಇಲ್ಲಿ ಬಿಳಿ ಮುಖ್ಯ," ಎಂದಳು. "ಆದ್ರೆ ಜಕ್ಕನಿಮ್, ಆ ಬಿಳಿನ ಯಾರೂ ನೋಡ್ಲಿಲ್ಲ."

"ಏನು?"

"ಕೆಲಸ ಮುಗಿಸಿ ಸುಸ್ತಾದೋರು ರೈಲಲ್ಲಿ ನಿಂತ್ಕೊಂಡು ಓದ್ತಾರೆ. ಹೆಬ್ಬೆರಳಲ್ಲಿ ಒಂದು ಸಲ ಜೋರಾಗಿ ತಳ್ಳಿದ್ರೆ ನಿಮ್ಮ ಬಿಳಿ ಎಲ್ಲ ಸರ್ರಂತ ಮೇಲೆ ಹೋಗ್ಬಿಡುತ್ತೆ. ನೀವು ಇಡೀ ಕಡಲಷ್ಟು ಬಿಟ್ಟಿದ್ರೂ ಕಣ್ಣು ಮಿಟುಕಿಸೋದ್ರಲ್ಲಿ ದಾಟ್ತೀವಿ... ದಾಟ್ತಾರೆ."

ಇನ್‌ಹೋನ ಮುಖ ಬಿಳುಚಿಕೊಂಡಿತು. ಅವನು ವಾರಗಟ್ಟಲೆ ಅಳೆದು, ಒತ್ತಿ, ಹಿಗ್ಗಿಸಿ ಬಿಟ್ಟ ಬಿಳಿ ಅದು!

"ಮತ್ತೆ... ಎಲ್ಲಿ ನಿಲ್ತಾರೆ?" ಎಂದು ಕೇಳಿದ.

"ಪಾದದ ಹತ್ರ." ಗ್ಯೂರಿಯ ಬೆರಳು ಚಿತ್ರವನ್ನು ಮುಟ್ಟಿತು. "ಒಂದು ಕಾಲಲ್ಲಿ ರಬ್ಬರ್ ಬೂಟು. ಇನ್ನೊಂದು ಬರಿಗಾಲು, ಬೆರಳ ಸಂದಿಯಲ್ಲೆಲ್ಲ ಉಪ್ಪು. ದನ್‌ಬಿ ಹೋಗ್ತಾಳೆ ಅಂತ ಗೊತ್ತಾಗಿ ಆಗರದಿಂದ ಓಡಿ ಬಂದಿದ್ದಾನೆ, ಬೂಟು ಕೆಸರಲ್ಲಿ ಕಚ್ಕೊಂಡಿದೆ, ಬಿಟ್ಟು ಬಂದಿದ್ದಾನೆ. ನೆನಪಾಗಿತ್ತಾ ಅಂತ ಕೇಳಿದ್ಲಲ್ಲ... ಆ ಬರಿಗಾಲೇ ಉತ್ತರ. ಆಮೇಲೆ ಅವನು ಊಟ ಆಯ್ತಾ ಅಂದ್ರೂ ಒಂದೇ, ಏನೂ ಅನ್ನದಿದ್ರೂ ಒಂದೇ. ಅದಕ್ಕೇ ಬಿಳಿ ಕತ್ತರಿಸ್ದೆ. ಓದೋರು ಬೇಗ ಕಾಲಿನ ಹತ್ರ ಹೋಗ್ಲಿ ಅಂತ."

ಇನ್‌ಹೋ ಚಿತ್ರವನ್ನು ನೋಡಿದ. ಬಹಳ ಹೊತ್ತು ನೋಡಿದ. ಆಗರದ ಉಪ್ಪೆಲ್ಲ ಕರಗಿ ಮತ್ತೆ ಕಡಲಾಗುವಷ್ಟು ಹೊತ್ತು!

"ನಾನು ಇದನ್ನ ಮರ್ತೇ ಹೋಗಿದ್ದೆ," ಎಂದ. "ಅವತ್ತು ಕೈ ನೋಯ್ತಿತ್ತು. ಎರಡು ಬೂಟು ಬರೆಯೋಕೆ ಆಗದೆ ಒಂದು ಬಿಟ್ಟೆ ಅನ್ಸುತ್ತೆ... ಅಥವಾ ನಿಜವಾಗ್ಲೂ ಹಾಗೇ ಅಂದ್ಕೊಂಡಿದ್ನೋ. ಗೊತ್ತಿಲ್ಲ." ತಲೆಯೆತ್ತಿದ. "ಕೆಲಸಕ್ಕೆ ಬೇಕಾದಷ್ಟು ಓದಿದೋರು ಬೆರಳ ಸಂದಿ ಉಪ್ಪು ನೋಡಲ್ಲ."

ಗ್ಯೂರಿಯ ಕಿವಿ ಕೆಂಪಾಯಿತು.

"ಸುಳ್ಳು ಹೇಳ್ದೆ," ಎಂದಳು. "ಮೊದಲ ಕಂತಿಂದ ಓದಿದ್ದೀನಿ. ಎಷ್ಟು ಸಲ ಅಂತ ಕೇಳ್ಬೇಡಿ, ನಾಚಿಕೆ ಆಗುತ್ತೆ."

ಅವನು ಪ್ರೂಫಿನ ಹಾಳೆಗಳನ್ನು ಬಿಚ್ಚಿ ನೆಲದ ಮೇಲೆ ಹರಡಿದ. ಇಬ್ಬರೂ ಮಂಡಿಯೂರಿ ಕೂತು ಹಾಳೆ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ನಾಲ್ಕು ಪುಟ ಬಿಳಿ ಬಿಡೋಣವೇ? ಆಗದು, ಒಂದು ಪುಟ ಹೆಚ್ಚಾದರೆ ಹದಿನಾರು ಪುಟದ ಇನ್ನೊಂದು ಕಟ್ಟನ್ನೇ ಅಚ್ಚಿಗೆ ಸೇರಿಸಬೇಕು, ಬಾಂಗ್ ಒನ್ನಿ ಕಿಟಕಿಯಿಂದ ಹಾರುತ್ತಾಳೆ.

"ಬಿಳಿ ಬೇಡ," ಎಂದಳು ಗ್ಯೂರಿ ಇದ್ದಕ್ಕಿದ್ದಂತೆ. "ಪ್ರಶ್ನೆ ಬಲಗಡೆ ಪುಟದ ಕೊನೆಗೆ ಬರ್ಲಿ. ಅಲ್ಲಿಗೆ ಪುಟ ಮುಗೀತು. ಮುಂದೆ ಏನಿದೆ ಅಂತ ಕಾಣಲ್ಲ. ಕೈ ಎತ್ತಿ ತಿರುಗಿಸ್ಬೇಕು. ತಿರುಗಿಸಿದ್ರೆ... ಪಾದ. ಪಾದ ಮಾತ್ರ, ಇಡೀ ಪುಟ."

ಅವನು ಹಾಳೆ ಮಡಿಸಿ ಹಿಡಿದ. ದನ್‌ಬಿ ಕೇಳಿದಳು. ಅವನ ಎಡಗೈ ಪುಟದ ಅಂಚಿಗೆ ಹೋಯಿತು, ಒಂದು ಕ್ಷಣ ನಿಂತಿತು, ತಿರುಗಿಸಿತು.

"ಹೂಂ..." ಎಂದ ಅವನು. ಅಷ್ಟೇ. ಬೇರೆಯವರು ತೇರು ಎಳೆದಷ್ಟು ಶ್ರಮದಿಂದ ಬಂದ ಹೂಂ ಅದು.

ಅದಕ್ಕೆ ಪ್ರಶ್ನೆಯವರೆಗಿನದೆಲ್ಲ ಒಂದು ಪುಟ ಮುಂಚೆ ಬರಬೇಕಿತ್ತು. ಪುಸ್ತಕದ ಆರಂಭದಿಂದ ಒಂದು ಪುಟ ಕಿತ್ತರೆ ಸಾಕು. ಯಾವುದು? ಇಬ್ಬರ ಕಣ್ಣೂ ಒಟ್ಟಿಗೆ 'ಪ್ರಕಾಶಕರ ಮಾತು' ಎಂಬ ಪುಟದ ಮೇಲೆ ಬಿದ್ದವು. ಬಾಂಗ್ ಒನ್ನಿ ಅದನ್ನು ಮೂರು ವಾರ ಕೂತು ಬರೆದಿದ್ದಳು, ತನ್ನ ಬಾಲ್ಯದಿಂದ ಶುರು ಮಾಡಿ.

"ಪಾಪ ಅಲ್ವಾ?" ಎಂದಳು ಗ್ಯೂರಿ.

"ಪಾಪವೇ," ಎನ್ನುತ್ತ ಇನ್‌ಹೋ ಅದನ್ನು ಹರಿದ.

ಆಗ ಇಬ್ಬರೂ ನಕ್ಕರು. ಶಕ್ತಿ ಇಲ್ಲದವರ ನಗು, ಸದ್ದು ಕಡಿಮೆ, ಹೊಟ್ಟೆ ನೋವು ಜಾಸ್ತಿ. ಅವನು ಪ್ರೂಫಿನ ಮೇಲೆ ಒಪ್ಪಿಗೆಯ ಸಹಿ ಹಾಕಿದ. ಕರಗಿದ ಕಡುಬುಗಳನ್ನು ಬೇಯಿಸಿ ಎರಡು ಬಟ್ಟಲಲ್ಲಿ ತಂದ. ಇಂಥ ಕಡುಬು ಗ್ಯೂರಿ ಹುಟ್ಟಿದ ಮೇಲೆ ತಿಂದಿರಲಿಲ್ಲ!

ಅಲ್ಲಿಗೆ ಎದ್ದು ಬಂದಿದ್ದರೆ ಆಗಿತ್ತು. ಆದರೆ ಅವಳು ಕೇಳಿದಳು.

"ಈ ಪೆಟ್ಟಿಗೆಗಳೆಲ್ಲ ಏನು? ಮನೆ ಬದಲಾಯಿಸ್ತಿದ್ದೀರಾ?"

"ವಾಂಡೋ ದ್ವೀಪಕ್ಕೆ ಹೋಗ್ತಿದ್ದೀನಿ. ಚಿಕ್ಕಪ್ಪ ಕಡಲಲ್ಲಿ ಪಾಚಿ ಬೆಳೆಸ್ತಾರೆ. ಹಗ್ಗಕ್ಕೆ ಪಾಚಿ ಕಟ್ಟೋದು, ಎಳೆಯೋದು. ಪುಸ್ತಕ ಬಂದ ಮಾರನೆಯ ದಿನ ಹೊರಡೋದು." ಬಟ್ಟಲಿನ ಕಡೆ ನೋಡುತ್ತ ಹೇಳಿದ. "ಇನ್ನು ಬರೆಯಲ್ಲ. ಕೈ ಮುಗಿದುಹೋಗಿದೆ. ತಲೆಯೂ."

"ಹಾಗಾದ್ರೆ... ದನ್‌ಬಿ?"

ಬಾಯಿಂದ ಬಂದುಹೋಯಿತು! ಆ ಒಂದು ಮಾತನ್ನು ಹಿಂದಕ್ಕೆ ಎಳೆದುಕೊಳ್ಳಲು ಗ್ಯೂರಿ ತನ್ನ ಉಳಿದ ಆಯುಷ್ಯ ಅರ್ಧ ಕೊಡುತ್ತಿದ್ದಳು.

ಇನ್‌ಹೋ ಬಟ್ಟಲು ಕೆಳಗಿಟ್ಟ. ಅವನ ಮುಖದಲ್ಲಿ ಈಗಷ್ಟೇ ತೆರೆದಿದ್ದ ಕಿಟಕಿಯೊಂದು ನಿಧಾನವಾಗಿ ಮುಚ್ಚಿಕೊಂಡಿತು.

"ಹೌದಲ್ಲ," ಎಂದ. "ನೀವು ಓದುಗರು. ಎಲ್ಲರೂ ಕೇಳೋದು ಅದೇ. ಅಮ್ಮ ಬಿಟ್ರೆ ನನ್ನ ಕೈ ಹೇಗಿದೆ ಅಂತ ಯಾರೂ ಕೇಳಿಲ್ಲ. ದನ್‌ಬಿ ಹೇಗಿದ್ದಾಳೆ ಅಂತ ಕೇಳ್ತಾರೆ."

"ಅಲ್ಲ ಜಕ್ಕನಿಮ್, ನಾನು ಹೇಳಿದ್ದು..."

"ಪರವಾಗಿಲ್ಲ. ತಡ ಆಯ್ತು, ಹೊರಡಿ. ಹಲ್ಲು ನೋಯ್ತಿರುತ್ತೆ."

ಗುರುವಾರ ಅಚ್ಚಾಯಿತು. ಶನಿವಾರ ಪಾಜುವಿನಲ್ಲಿ ಬೈಂಡಿಂಗ್. ಬಾಂಗ್ ಒನ್ನಿ ತನ್ನ ಮಾತಿನ ಪುಟ ಕಾಣೆಯಾದದ್ದಕ್ಕೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೋಳಾಡಿದಳು.

"ನನ್ನ ಬಾಲ್ಯ ಎಲ್ಲಿ ಹೋಯ್ತೇ? ನಮ್ಮಮ್ಮ ಮೂಲಂಗಿ ಮಾರಿದ್ದು, ನಾನು ಮೂಲಂಗಿ ಸುತ್ತಿದ ಪೇಪರಲ್ಲಿ ಚಿತ್ರಕಥೆ ಓದಿದ್ದು..."

"ಓದೋರಿಗೆ ಕಣ್ಣೀರು ಜಾಸ್ತಿ ಆಗ್ತಿತ್ತು ಒನ್ನಿ. ಕಾಗದ ನೆನೆದುಹೋಗ್ತಿತ್ತು," ಎಂದಳು ಗ್ಯೂರಿ, ಕಿಟಕಿಗೆ ತಲೆ ಆನಿಸಿ. ಅವಳಿಗೆ ತಮಾಷೆ ಮಾಡಲೂ ಉಸಿರು ಸಾಲುತ್ತಿರಲಿಲ್ಲ. ಆ ಕಡುಬಿನ ದಿನದಿಂದ ಅವಳು ಇನ್‌ಹೋಗೆ ಸಂದೇಶ ಬರೆಯುತ್ತಿದ್ದಳು, ಅಳಿಸುತ್ತಿದ್ದಳು.

ಅವನು ಆಗಲೇ ಬಂದಿದ್ದ. ಗೋದಾಮಿನ ಒಂದು ಮೂಲೆಯಲ್ಲಿ ಮೇಜು ಹಾಕಿಕೊಂಡು, ಮುಂಗಡವಾಗಿ ಕೇಳಿದ್ದ ಓದುಗರ ಪುಸ್ತಕಗಳಿಗೆ ಸಹಿ ಹಾಕುತ್ತಿದ್ದ. ಬಾಂಗ್ ಒನ್ನಿಯ ಹುಕುಂ. ಪುಸ್ತಕದ ರಾಶಿ ಎಷ್ಟಿತ್ತೆಂದರೆ ಅದರ ಹಿಂದೆ ಅವನ ಕೂದಲು ಮಾತ್ರ ಕಾಣುತ್ತಿತ್ತು. ಗ್ಯೂರಿಯನ್ನು ಕಂಡು ತಲೆ ಬಾಗಿಸಿದ, ಅಂಗಡಿಯವರಿಗೆ ಬಾಗಿಸುವಷ್ಟು.

ಯಂತ್ರದಿಂದ ಆಗಷ್ಟೇ ಇಳಿದ ಪ್ರತಿಯೊಂದನ್ನು ಬಾಂಗ್ ಒನ್ನಿ ಅವಳ ಕೈಗಿಟ್ಟಳು. ಬೆನ್ನಿನ ಅಂಟು ಇನ್ನೂ ಬೆಚ್ಚಗಿತ್ತು.

ಗ್ಯೂರಿ ಕಾಗದದ ಹೊರೆಯ ಮೇಲೆ ಕೂತು ತೆರೆದಳು.

ವಿಚಿತ್ರ! ಪ್ರತಿ ಗೆರೆ ಅವಳಿಗೆ ಬಾಯಿಪಾಠ. ಪ್ರತಿ ಪುಟ ಅವಳೇ ಕಟ್ಟಿದ್ದು. ಆದರೂ ಇದು ಬೇರೆಯೇ ಆಗಿತ್ತು. ಫೋನಿನಲ್ಲಿ ಒಂದು ಹೆಬ್ಬೆರಳು ಸಾಕಿತ್ತು, ಇದಕ್ಕೆ ಎರಡೂ ಕೈ ಬೇಕು. ಎರಡೂ ಕೈ ಕೊಟ್ಟ ಮೇಲೆ ಬೇರೆ ಯಾವ ಹಿಡಿಕೆಯನ್ನೂ ಹಿಡಿದುಕೊಳ್ಳುವಂತಿಲ್ಲ. ಚಿತ್ರ ಓಡಿಹೋಗುವುದಿಲ್ಲ, ಮೇಲೆ ಜಾರುವುದಿಲ್ಲ. ದನ್‌ಬಿ ಎಡಪುಟದಲ್ಲಿ ನಿಂತರೆ ನಿಂತೇ ಇರುತ್ತಾಳೆ, ಬಲಪುಟದ ಕಡಲನ್ನು ನೋಡುತ್ತ. ಇಷ್ಟು ವರ್ಷ ಗ್ಯೂರಿ ಓಡುವವಳನ್ನು ಹಿಂಬಾಲಿಸಿ ಓದಿದ್ದಳು. ಇವತ್ತು ಅವಳ ಪಕ್ಕದಲ್ಲಿ ಕೂತಳು.

ದೋಣಿ ಕಟ್ಟೆ ಬಂತು. ಪ್ರಶ್ನೆ ಬಂತು. ಗ್ಯೂರಿಯ ಕೈ ಪುಟದ ಅಂಚಿನಲ್ಲಿ ನಿಂತಿತು. ಮುಂದೆ ಏನೆಂದು ಪ್ರಪಂಚದಲ್ಲಿ ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಆದರೂ ತಿರುಗಿಸಲು ಹೆದರಿಕೆ!

ತಿರುಗಿಸಿದಳು.

ಆ ಬರಿಗಾಲು ಇಡೀ ಪುಟ ತುಂಬಿಕೊಂಡಿತ್ತು. ಉಪ್ಪಿನ ಒಂದೊಂದು ಹರಳೂ ಕಾಣುತ್ತಿತ್ತು. ಫೋನಿನಲ್ಲಿ ಕಾಣದಿದ್ದ ಇನ್ನೊಂದೂ ಕಂಡಿತು: ಹರಳಿನ ಗೆರೆಗಳು ನಡುಗಿದ್ದವು. ನೋಯುವ ಕೈ ಎಳೆದ ಗೆರೆಗಳು. ಬಿಡದೆ, ಒಂದೊಂದನ್ನೇ ಎಳೆದಿತ್ತು ಆ ಕೈ.

ಕೊನೆಯ ಪುಟ ಮುಗಿಯಿತು. ಹಿಂಬದಿಯ ರಕ್ಷಾಪುಟ. ಆಮೇಲೆ ಏನೂ ಇಲ್ಲ.

ಫೋನಿನಲ್ಲಾಗಿದ್ದರೆ ಕಂತಿನ ಕೆಳಗೆ ಸಾವಿರಾರು ಜನರ ಮಾತು ಇರುತ್ತಿತ್ತು: ಅಳು, ಬೈಗುಳ, ಮುಂದಿನ ವಾರ ಬೇಗ ಬರಲಿ, ಮುಂದೇನು, ಮುಂದೇನು... ಗ್ಯೂರಿಯೂ ಆ ಜಾತ್ರೆಯಲ್ಲಿ ಕೂಗಿದವಳೇ. ಇಲ್ಲಿ ಯಾರೂ ಇರಲಿಲ್ಲ. ಹೇಳುವುದಿದ್ದರೆ ಎದ್ದು ಹೋಗಿ ಬಾಯಿಬಿಟ್ಟು ಹೇಳಬೇಕಿತ್ತು.

ಅವಳು ಎದ್ದಳು.

ಇನ್‌ಹೋ ಇನ್ನೂ ಸಹಿ ಹಾಕುತ್ತಿದ್ದ. ಹಲ್ಲು ಕಚ್ಚಿಕೊಂಡಿದ್ದ. ಪ್ರತಿ ಸಹಿಯ ನಂತರ ಬೆರಳು ಬಿಡಿಸಿ ಮತ್ತೆ ಮಡಿಸುತ್ತಿದ್ದ.

ಗ್ಯೂರಿ ಅವನ ಕೈಯಿಂದ ಪೆನ್ನು ಕಿತ್ತುಕೊಂಡಳು.

"ಏ! ಏ ಹುಡುಗಿ!" ಎಂದು ಗೋದಾಮಿನ ಆ ತುದಿಯಿಂದ ಬಾಂಗ್ ಒನ್ನಿ ಕಿರುಚಿದಳು. "ಇನ್ನೂ ಅರ್ಧ ರಾಶಿ ಇದೆ ಕಣೇ! ಓದುಗರಿಗೆ ಸಹಿ ಇರುತ್ತೆ ಅಂತ ಹೇಳಿದ್ದೀವಿ!"

"ನೀವೇ ಹಾಕಿ ಒನ್ನಿ!" ಗ್ಯೂರಿ ತಿರುಗಿ ಕೂಗಿದಳು. ಅವಳ ಗಂಟಲಲ್ಲಿ ಇಷ್ಟು ದನಿ ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ಮೂಲಂಗಿ ಕಥೆನೂ ಬರೆದು ಹಾಕಿ!"

"ಹುಚ್ಚಾ ನಿಮಗೆ?" ಎಂದ ಇನ್‌ಹೋ.

"ಹುಚ್ಚೇ. ಕೈ ಕೊಡಿ."

"ಏನು?"

"ಕೈ. ಹೇಗಿದೆ ಅಂತ ಯಾರೂ ಕೇಳ್ಲಿಲ್ಲ ಅಂದ್ರಲ್ಲ. ಕೇಳ್ತಿದ್ದೀನಿ. ಹೇಗಿದೆ?"

ಅವನು ಕೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡ, ಶಾಲೆಯಲ್ಲಿ ತಪ್ಪು ಮಾಡಿದ ಮಗುವಿನಂತೆ. "ನೋಡಿ, ಗ್ಯೂರಿಯವರೇ... ನಿಮಗೆ ಮುಂದಿನ ಭಾಗ ಬೇಕು ಅಂತ ಗೊತ್ತು. ಒಳ್ಳೆ ಮನಸ್ಸಿಂದಾನೇ ಕೇಳ್ತೀರ. ಆದ್ರೆ ನನ್ನಿಂದ ಆಗಲ್ಲ. ನಿಜವಾಗ್ಲೂ ಆಗಲ್ಲ."

"ಬೇಡ."

"...ಏನು ಬೇಡ?"

"ಬರೀಬೇಡಿ." ಅವಳ ಕಣ್ಣು ತುಂಬಿತು. "ಇನ್ನು ಒಂದು ಗೆರೆನೂ ಎಳೀಬೇಡಿ. ದನ್‌ಬಿ ಮದುವೆ ಆದ್ಲೋ ಇಲ್ವೋ ನನಗೆ ಗೊತ್ತಾಗದಿದ್ರೆ ಬೇಡ. ಅವಳು ನನಗೆ ಎಷ್ಟು ಮಾಡ್ಬೇಕೋ ಅಷ್ಟು ಮಾಡಿದ್ದಾಳೆ. ಅವತ್ತು ನಿಮ್ಮ ಮನೇಲಿ ಅವಳ ಹೆಸರು ಬಾಯಿಗೆ ಬಂತು... ಯಾಕಂದ್ರೆ 'ಹಾಗಾದ್ರೆ ನಾನು?' ಅಂತ ಕೇಳೋ ಧೈರ್ಯ ಇರ್ಲಿಲ್ಲ. ಕಡುಬು ತಿಂದು ಒಂದು ಗಂಟೆ ಆಗಿರ್ಲಿಲ್ಲ, ಯಾವ ಬಾಯಲ್ಲಿ ಕೇಳ್ಲಿ?"

ಬೈಂಡಿಂಗ್ ಯಂತ್ರ ನಿಂತಿತು ಎಂದರೆ ನೀವು ಸುಳ್ಳೆನ್ನುತ್ತೀರಿ. ಅದು ನಿಲ್ಲಲಿಲ್ಲ, ಧಡಧಡ ಹೊಡೆದುಕೊಳ್ಳುತ್ತಲೇ ಇತ್ತು. ಆದರೆ ಅವರಿಬ್ಬರಿಗೆ ಕೇಳಿಸಲಿಲ್ಲ.

"ಬರೆಯದಿದ್ರೆ ನನ್ನ ಹತ್ರ ಏನೂ ಇಲ್ಲ," ಎಂದ ಇನ್‌ಹೋ ಮೆಲ್ಲಗೆ. "ಕೆಟ್ಟ ಕೈ. ಕೆಟ್ಟ ಸಿಟ್ಟು. ಊರು ತುಂಬುವಷ್ಟು ಸುಸ್ತು."

"ಸುಸ್ತು ನನ್ನ ಹತ್ರಾನೂ ಇದೆ. ಬೇಕಾದ್ರೆ ಸಾಲ ಕೊಡ್ತೀನಿ."

ಅವನು ನಕ್ಕುಬಿಟ್ಟ. ನಗುವಿನ ಮಧ್ಯೆ ಎಲ್ಲೋ ಕಣ್ಣು ಒರೆಸಿಕೊಂಡ. ಆಮೇಲೆ ನಿಧಾನವಾಗಿ, ಬಚ್ಚಿಟ್ಟಿದ್ದ ಬಲಗೈಯನ್ನು ಮೇಜಿನ ಮೇಲೆ ತಂದು ಅವಳ ಮುಂದೆ ಇಟ್ಟ.

"ನೋಯುತ್ತೆ," ಎಂದ. "ತುಂಬಾ ನೋಯುತ್ತೆ, ಗ್ಯೂರಿ."

ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ವಾಂಡೋಗೆ ಹೋಗ್ಬೇಕು ಅನ್ಸಿದ್ರೆ ಹೋಗಿ. ನಾನು ರಜೆ ಹಾಕಿ ಬರ್ತೀನಿ. ಪಾಚಿ ಎಳೆಯೋಕೆ ನನಗೂ ಬರುತ್ತೆ... ಬರಲ್ಲ, ಕಲೀತೀನಿ."

"ಈ ಕೈಯಲ್ಲಿ ಹಗ್ಗ ಹೇಗೆ ಎಳೀಲಿ? ಅದು ಈಗ ಹೊಳೀತು ನೋಡಿ." ಅವನು ತನ್ನ ಮೇಲೆ ತಾನೇ ಬೇಸರಪಟ್ಟು ತಲೆಯಾಡಿಸಿದ. "ಚಿಕ್ಕಪ್ಪನಿಗೆ ಫೋನ್ ಮಾಡ್ತೀನಿ. ಮೊದಲು ಕೈ ವಾಸಿಯಾಗ್ಲಿ. ಪಾಚಿ ಕಾಯುತ್ತೆ."

"ಪಾಚಿ ಕಾಯುತ್ತಾ?"

"ಅದಕ್ಕೆ ಇನ್ನೇನು ಕೆಲಸ?"

ಮಧ್ಯಾಹ್ನದ ಬಸ್ಸಿನಲ್ಲಿ ಇಬ್ಬರೂ ಹಿಂದಿನ ಸೀಟು ಹಿಡಿದರು. ಬಾಂಗ್ ಒನ್ನಿ ಬರಲಿಲ್ಲ. ಅವಳು ನಿಜವಾಗಿಯೂ ಪೆನ್ನು ಹಿಡಿದು ಮೇಜಿನ ಮುಂದೆ ಕೂತಿದ್ದಳು. ಮೂಲಂಗಿಯ ಕಥೆ ಎಷ್ಟು ಪುಸ್ತಕಗಳಲ್ಲಿ ಸೇರಿಕೊಂಡಿತೋ, ಓದಿದವರನ್ನೇ ಕೇಳಬೇಕು!

ಊರು ಬರುವ ಮೊದಲೇ ಇನ್‌ಹೋನ ತಲೆ ವಾಲಿತು. ಗ್ಯೂರಿ ಭುಜವನ್ನು ಸ್ವಲ್ಪ ಮೇಲೆತ್ತಿ ಅದಕ್ಕೆ ಜಾಗ ಮಾಡಿಕೊಟ್ಟಳು. ಅವನ ಬಲಗೈ ಅವಳ ಮಡಿಲಲ್ಲಿ ಬೆಚ್ಚಗೆ, ಭಾರವಾಗಿ ಬಿದ್ದುಕೊಂಡಿತ್ತು. ಅವಳಿಗೂ ಕಣ್ಣು ಎಳೆಯುತ್ತಿತ್ತು, ವರ್ಷಗಳ ನಿದ್ದೆ ಒಟ್ಟಿಗೆ ಬಂದಂತೆ.

"ಜಕ್ಕನಿಮ್," ಎಂದು ಪಿಸುಗುಟ್ಟಿದಳು. "ನಮ್ಮ ಸ್ಟಾಪ್ ಬಂತು."

"ಜಕ್ಕನಿಮ್ ಯಾರು? ಬಸ್ಸಲ್ಲಿ ಅಂಥೋರು ಯಾರೂ ಇಲ್ಲ," ಎಂದ ಅವನು, ಕಣ್ಣು ತೆರೆಯದೆ.

"...ಇನ್‌ಹೋ."

"ಹೂಂ?"

"ಸ್ಟಾಪ್ ಹೋಯ್ತು."

"ಹೋಗ್ಲಿ ಬಿಡು," ಎಂದ ಇನ್‌ಹೋ, ಅವಳ ಭುಜಕ್ಕೆ ಇನ್ನಷ್ಟು ಒತ್ತಿಕೊಂಡು. "ಈ ಬಸ್ಸು ಎಲ್ಲಿವರೆಗೆ ಹೋಗುತ್ತೆ?"

"ಗೊತ್ತಿಲ್ಲ. ನಾನು ಯಾವತ್ತೂ ಕೊನೆವರೆಗೆ ಹೋಗಿಲ್ಲ."

"ನಾನೂ ಇಲ್ಲ. ನೀನೂ ಮಲಕ್ಕೋ."